ಶ್ರೀರಾಂಪುರದಿಂದ ಜ್ಞಾನಭಾರತಿಗೆ: ಬಿಎ ಓದಿದವರ ಮೆಟ್ರೋ ಲೈನ್

ಇವತ್ತು ಒಂದು ಹಳೇ ಪ್ರಶ್ನೆ ಹಿಡ್ಕೊಂಡು ಬಂದಿದ್ದೀನಿ: "ಬಿಎ ನಾ? ಬಿಎ ಮಾಡಿ ಏನ್ ಮಾಡ್ತೀಯಾ?"

ಪಿಯುಸಿ ರಿಸಲ್ಟ್ ಬಂದ ವಾರ ವಿಜಯನಗರ, ಬಸವೇಶ್ವರನಗರದ ಕಡೆ ಯಾವ ಮನೆಗೆ ಬೇಕಾದ್ರೂ ಹೋಗಿ. ಸೈನ್ಸ್ ಅಂದ್ರೆ "ಓ, ಇಂಜಿನಿಯರಿಂಗಾ?" ಅಂತಾರೆ. ಕಾಮರ್ಸ್ ಅಂದ್ರೆ "ಸಿಎ ಮಾಡ್ಸಿ" ಅಂತಾರೆ. ಆರ್ಟ್ಸ್ ಅಂದ್ರೆ ಕಾಫಿ ಲೋಟ ಕೆಳಗಿಟ್ಟು ಒಂದು ಕ್ಷಣ ಸುಮ್ಮನಾಗ್ತಾರೆ. ಆಮೇಲೆ ಮೆಲ್ಲಗೆ, "ಮಾರ್ಕ್ಸ್ ಕಮ್ಮಿ ಬಂತಾ ಪುಟ್ಟಾ?"

ನಾನೂ ಬಿಎ, ಅದೂ ಹಿಸ್ಟರಿ. ಆದ್ದರಿಂದ ಈ ಪ್ರಶ್ನೆ ನನಗೆ ಚೆನ್ನಾಗಿ ಅಭ್ಯಾಸ. ಆದರೆ ಇತಿಹಾಸ ಓದಿದವರಿಗೆ ಒಂದು ಕೆಟ್ಟ ಚಾಳಿ ಇರುತ್ತೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಮೊದಲು "ಈ ಪ್ರಶ್ನೆ ಹುಟ್ಟಿದ್ದು ಯಾವಾಗ?" ಅಂತ ಹುಡುಕೋಕೆ ಹೊರಡ್ತೀವಿ. ಇವತ್ತು ಅದನ್ನೇ ಮಾಡೋಣ. ದೂರ ಹೋಗೋದು ಬೇಡ. ನಮ್ಮ ಪಶ್ಚಿಮ ಬೆಂಗಳೂರಿನ ಮೆಟ್ರೋ ಹತ್ತೋಣ, ಸಾಕು.

ಹಸಿರು ಮಾರ್ಗದಲ್ಲಿ ರಾಜಾಜಿನಗರದಿಂದ ಮೆಜೆಸ್ಟಿಕ್ ಕಡೆ ಹೊರಟರೆ ಸಾಲಾಗಿ ಮೂರು ಸ್ಟೇಷನ್: ರಾಜಾಜಿನಗರ, ಮಹಾಕವಿ ಕುವೆಂಪು ರಸ್ತೆ, ಶ್ರೀರಾಂಪುರ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿದರೆ, ಪೂರ್ವಕ್ಕೆ ಒಂದೇ ಸ್ಟೇಷನ್ ದೂರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ, ಸೆಂಟ್ರಲ್ ಕಾಲೇಜ್. ಪಶ್ಚಿಮಕ್ಕೆ ಹೋದರೆ ವಿಜಯನಗರ, ಅತ್ತಿಗುಪ್ಪೆ ದಾಟಿ, ಕೆಂಗೇರಿಗೆ ಸ್ವಲ್ಪ ಮುಂಚೆ ಜ್ಞಾನಭಾರತಿ. ಈ ಐದು ಹೆಸರಲ್ಲೇ ಕರ್ನಾಟಕದ ಬಿಎ ಓದಿನ ದೊಡ್ಡ ಕತೆ ಇದೆ.

ಮೊದಲು ವಿಶ್ವೇಶ್ವರಯ್ಯ. ಇಂಜಿನಿಯರ್ಸ್ ಡೇ, ಕನ್ನಂಬಾಡಿ ಕಟ್ಟೆ, ಎಲ್ಲಾ ನಮಗೆ ಗೊತ್ತು. ಆದರೆ ಅವರ ಮೊದಲ ಡಿಗ್ರಿ ಯಾವುದು? ಬಿಎ! ಸೆಂಟ್ರಲ್ ಕಾಲೇಜು 1858ರಲ್ಲಿ ಒಂದು ಹೈಸ್ಕೂಲಾಗಿ ಶುರುವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜು ಅನ್ನೋ ಹೆಸರು ಪಡೆಯಿತು. ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಅದು. ಮುದ್ದೇನಹಳ್ಳಿಯ ಹುಡುಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಅಲ್ಲಿ ಓದಿ, 1880ರ ಆಸುಪಾಸಿನಲ್ಲಿ ಬಿಎ ಮುಗಿಸಿದ. ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದ್ದು ಆಮೇಲೆ.

ಎರಡನೆಯವರು ರಾಜಾಜಿ, ಅಂದರೆ ಸಿ. ರಾಜಗೋಪಾಲಾಚಾರಿ. ಹೊಸೂರು ಹತ್ತಿರದ ತೊರಪಳ್ಳಿಯವರು. ಅವರೂ ಇದೇ ಸೆಂಟ್ರಲ್ ಕಾಲೇಜಿನಲ್ಲಿ 1894ರಲ್ಲಿ ಬಿಎ ಮುಗಿಸಿ, ನಂತರ ಮದ್ರಾಸಿನಲ್ಲಿ ಲಾ ಓದಿದರು. 1948ರಲ್ಲಿ ಭಾರತದ ಗವರ್ನರ್ ಜನರಲ್ ಆದರು. ಆ ಹುದ್ದೆಗೆ ಏರಿದ ಏಕೈಕ ಭಾರತೀಯ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಗರದ ಪಶ್ಚಿಮಕ್ಕೆ ಕಾರ್ಖಾನೆ, ಕಾರ್ಮಿಕರ ಮನೆಗಳ ಹೊಸ ಬಡಾವಣೆ ಎದ್ದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಅಂದ್ರೆ ಇಂಡಸ್ಟ್ರಿಯಲ್ ಎಸ್ಟೇಟ್‌ಗೆ ಹೆಸರಾದ ರಾಜಾಜಿನಗರದ ಬೋರ್ಡ್ ಮೇಲಿರೋದು ಬೆಂಗಳೂರಲ್ಲೇ ಓದಿದ ಒಬ್ಬ ಬಿಎ ಪದವೀಧರನ ಹೆಸರು.

ಇಲ್ಲಿ ಸ್ವಲ್ಪ ನಿಲ್ಲೋಣ. "ನೋಡಿ, ದೊಡ್ಡೋರೆಲ್ಲಾ ಬಿಎ ಓದಿದ್ರು, ನೀವೂ ಓದಿ" ಅಂತ ವಾಟ್ಸಾಪ್ ಫಾರ್ವರ್ಡ್ ಥರ ಹೇಳಿಬಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಎರಡು ವಿಷಯ ನೆನಪಿಡಬೇಕು. ಒಂದು, ಆಗಿನ ಬಿಎ ಈಗಿನ ಬಿಎ ಅಲ್ಲ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದರೂ, ವಿಜ್ಞಾನ ಓದಿದರೂ ಕೈಗೆ ಸಿಗುತ್ತಿದ್ದದ್ದು ಬಿಎ ಡಿಗ್ರಿಯೇ. ಆರ್ಟ್ಸ್ ಒಂದು ಕಡೆ, ಸೈನ್ಸ್ ಇನ್ನೊಂದು ಕಡೆ ಅನ್ನೋ ಗೋಡೆ ಇನ್ನೂ ಎದ್ದಿರಲಿಲ್ಲ. ಎರಡು, ಆ ಕ್ಲಾಸ್‌ರೂಮಿನಲ್ಲಿ ಯಾರು ಕೂರುತ್ತಿದ್ದರು ಅನ್ನೋದು. ಬಹುತೇಕ ಮೇಲ್ಜಾತಿಯ ಗಂಡುಮಕ್ಕಳು. ಬಿಎ ಅಂದರೆ ಸರ್ಕಾರಿ ಕಚೇರಿಗೆ ಹೋಗುವ ಬಾಗಿಲು. ಬಾಗಿಲಿನ ಈಚೆಗಿದ್ದವರು ತುಂಬಾ ಜನ, ಆಚೆಗೆ ಹೋದವರು ಬೆರಳೆಣಿಕೆ.

ಹಾಗಾದರೆ ಆ ಗೋಡೆ ಎದ್ದದ್ದು ಯಾವಾಗ? ಬಾಗಿಲು ತೆರೆದದ್ದು ಯಾವಾಗ? ಇವತ್ತಿನ ಎಪಿಸೋಡ್ ಇರೋದೇ ಈ ಎರಡು ಪ್ರಶ್ನೆಗೆ.

ಗೋಡೆಯ ಕತೆ ಮೊದಲು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಕೈಯಲ್ಲಿದ್ದದ್ದು ಎರಡು ದೊಡ್ಡ ಕಾಲೇಜು: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಹೆಚ್ಚುಕಡಿಮೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ, ಆರ್ಟ್ಸ್ ಮೈಸೂರಿಗೆ, ಸೈನ್ಸ್ ಬೆಂಗಳೂರಿಗೆ ಅಂತ ಆಯ್ತು. ಬೆಂಗಳೂರಿನಲ್ಲಿ 1909ರಿಂದಲೇ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು, 1917ರಲ್ಲಿ ವಿಶ್ವೇಶ್ವರಯ್ಯನವರ ಇಂಜಿನಿಯರಿಂಗ್ ಕಾಲೇಜೂ ಬಂತು. "ಬೆಂಗಳೂರು ಅಂದ್ರೆ ಸೈನ್ಸು, ಇಂಜಿನಿಯರಿಂಗು" ಅನ್ನೋದು ಐಟಿ ಕಂಪನಿಗಳು ಬಂದ ಮೇಲೆ ಹುಟ್ಟಿದ ಮಾತು ಅಂದುಕೊಂಡಿದ್ರಾ? ಅದಕ್ಕೆ ನೂರು ವರ್ಷ ದಾಟಿದೆ. ಆಮೇಲೆ ಬಂದ ಖಾಸಗಿ ಇಂಜಿನಿಯರಿಂಗ್ ಕಾಲೇಜು, ಸಿಇಟಿ, ಐಟಿ ಪಾರ್ಕು ಎಲ್ಲಾ ಆ ಗೋಡೆಗೆ ಇನ್ನಷ್ಟು ಇಟ್ಟಿಗೆ ಇಟ್ಟವು, ಅಷ್ಟೇ.

ಮೈಸೂರಿನ ಪಾಲಿಗೆ ಬಂದ ಆ ಆರ್ಟ್ಸ್ ಏನು ಮಾಡಿತು? ಇಬ್ಬರನ್ನು ನೋಡೋಣ.

ಒಬ್ಬರು ಕುವೆಂಪು. ಮಲೆನಾಡಿನ ಕುಪ್ಪಳಿಯ ಹುಡುಗ. ಮೊದಮೊದಲು ಇಂಗ್ಲಿಷಿನಲ್ಲೇ ಪದ್ಯ ಬರೆಯುತ್ತಿದ್ದ. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ 1927ರಲ್ಲಿ ಬಿಎ, 1929ರಲ್ಲಿ ಕನ್ನಡ ಎಂಎ ಮಾಡಿದರು. ಮುಂದಿನದು ನಿಮಗೆ ಗೊತ್ತು. ಆದರೆ ಒಂದು ಸಂಗತಿ ಅಷ್ಟಾಗಿ ಯಾರೂ ಹೇಳಲ್ಲ. 1956ರಿಂದ 1960ರವರೆಗೆ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು. ಆಗ ಕಾಲೇಜು ಮಟ್ಟದಲ್ಲಿ ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಯುವಂತಾಗಬೇಕು, ಅದಕ್ಕೆ ಪಠ್ಯಪುಸ್ತಕ ಸಿದ್ಧವಾಗಬೇಕು ಅಂತ ಹಟ ಹಿಡಿದು ಕೆಲಸ ಮಾಡಿಸಿದರು. ಸಾಹಿತ್ಯದ ಮನುಷ್ಯ ವಿಜ್ಞಾನಕ್ಕೆ ದಾರಿ ಮಾಡಿಕೊಟ್ಟರು. ಇದನ್ನ ತಲೇಲಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಇದರ ಜೋಡಿ ಸಿಗುತ್ತೆ.

ಇನ್ನೊಬ್ಬರು ಎಂ.ಎನ್. ಶ್ರೀನಿವಾಸ್. ಹೆಸರು ಕೇಳಿಲ್ವಾ? ಪರವಾಗಿಲ್ಲ, ಅವರು ಚಲಾವಣೆಗೆ ತಂದ ಮಾತನ್ನು ನೀವು ಖಂಡಿತ ಆಡಿದ್ದೀರಿ. "ವೋಟ್ ಬ್ಯಾಂಕ್." ಪ್ರತಿ ಚುನಾವಣೆಯಲ್ಲೂ ಟಿವಿ ಆಂಕರ್‌ಗಳು ದಿನಕ್ಕೆ ನೂರು ಸಲ ಹೇಳ್ತಾರಲ್ಲ, ಅದೇ. ಶ್ರೀನಿವಾಸ್ ಮಹಾರಾಜ ಕಾಲೇಜಿನಲ್ಲಿ 1936ರಲ್ಲಿ ಡಿಗ್ರಿ ಮುಗಿಸಿದವರು. ಬಾಂಬೆ, ಆಕ್ಸ್‌ಫರ್ಡ್‌ನಲ್ಲಿ ಓದು ಮುಂದುವರಿಸಿ, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಕೂತರು. ಬರವಣಿಗೆಯಲ್ಲಿ ಆ ಹಳ್ಳಿಗೆ ಅವರು ಇಟ್ಟ ಹೆಸರು ರಾಂಪುರ. ಯಾರ ಮನೆ ಜಗುಲಿಯಲ್ಲಿ ಯಾರು ಕೂರ್ತಾರೆ, ಯಾರ ಮಾತಿಗೆ ಎಷ್ಟು ಜನ ತಲೆಯಾಡಿಸ್ತಾರೆ, ಇದನ್ನೆಲ್ಲಾ ನೋಡಿ ಬರೆದರು. ಗೌಡನ ಹಿಂದೆ ನಿಂತ ಜನ ಅವನು ಹೇಳಿದ ಕಡೆಗೇ ವೋಟು ಹಾಕುವುದನ್ನು 1955ರ ಒಂದು ಲೇಖನದಲ್ಲಿ "ವೋಟ್ ಬ್ಯಾಂಕ್" ಅಂದರು. ಊರಿನಲ್ಲಿ ಜಮೀನು, ಜನಬಲ ಎರಡೂ ಇದ್ದು ಮೆರೆಯುವ ಜಾತಿಯನ್ನು "ಡಾಮಿನೆಂಟ್ ಕಾಸ್ಟ್" ಅಂದದ್ದೂ ಅವರೇ.

ಹಳ್ಳಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಸಂಗತಿಯೇ ಅದು. ಆದರೆ ಅದಕ್ಕೊಂದು ಹೆಸರಿರಲಿಲ್ಲ. ಹೆಸರಿಲ್ಲದ್ದನ್ನು ಪ್ರಶ್ನೆ ಮಾಡೋದು ಕಷ್ಟ. ಹೆಸರು ಸಿಕ್ಕ ಕೂಡಲೇ ಅದರ ಬಗ್ಗೆ ಮಾತಾಡಬಹುದು, ಜಗಳ ಆಡಬಹುದು, ಬದಲಾಯಿಸಿ ಅಂತ ಕೇಳಬಹುದು. ಆರ್ಟ್ಸ್ ಓದಿನಿಂದ ಏನು ಬರುತ್ತೆ ಅಂತ ಯಾರಾದರೂ ಕೇಳಿದರೆ ನಾನು ಕೊಡೋ ಮೊದಲ ಉತ್ತರ ಇದು.

ಈಗ ಬಾಗಿಲಿನ ಕತೆ. ಅದಕ್ಕೆ ನಾವು ನಮ್ಮ ಏರಿಯಾಗೇ ವಾಪಸ್ ಬರಬೇಕು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಶುರುವಾಯಿತು. ಮೊದಲು ಎಲ್ಲವೂ ಸೆಂಟ್ರಲ್ ಕಾಲೇಜಿನ ಸುತ್ತಲೇ. ಆಮೇಲೆ ಮೈಸೂರು ರಸ್ತೆಯಲ್ಲಿ, ಕೆಂಗೇರಿ ಈಚೆಗೆ, ಸುಮಾರು 1,100 ಎಕರೆಯ ಜ್ಞಾನಭಾರತಿ. 1973ರಿಂದ ವಿಶ್ವವಿದ್ಯಾಲಯ ಅಲ್ಲಿಗೆ ಹೊರಳಿತು. ಇವತ್ತು ಸುತ್ತ ಅಪಾರ್ಟ್‌ಮೆಂಟು, ಮುಂದೆ ಮೆಟ್ರೋ. ಆಗ ಅದು ಊರಾಚೆ.

ಆ ಹೊತ್ತಿನಲ್ಲಿ, 1972ರಿಂದ 1977ರವರೆಗೆ, ಕುಲಪತಿ ಆಗಿದ್ದವರು ಡಾ. ಎಚ್. ನರಸಿಂಹಯ್ಯ. ಎಚ್ಚೆನ್ ಅಂದರೆ ಹಿರಿಯರಿಗೆಲ್ಲಾ ಗೊತ್ತು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಕುಟುಂಬದವರು. ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ. 1942ರ ಚಳವಳಿಯಲ್ಲಿ ಜೈಲಿಗೆ ಹೋದವರು. ಭೌತಶಾಸ್ತ್ರ ಓದಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಬಂದವರು. ಜೀವನವಿಡೀ ಮದುವೆಯಾಗದೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಇದ್ದವರು. ಅಪ್ಪಟ ಸೈನ್ಸ್ ಮನುಷ್ಯ. ಅಂಥವರು ಕುಲಪತಿಯಾಗಿ ಏನು ಮಾಡಿದರು? ನಾಟಕ, ನೃತ್ಯ, ಸಂಗೀತಕ್ಕೆ ವಿಶ್ವವಿದ್ಯಾಲಯದಲ್ಲಿ ವಿಭಾಗ ತೆರೆದರು! 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡೋಕೆ ಸಮಿತಿ ಮಾಡಿ ದೇಶದಲ್ಲೆಲ್ಲಾ ಸುದ್ದಿಯಾದ ಅದೇ ಕುಲಪತಿ, ಕ್ಯಾಂಪಸ್ಸಿನಲ್ಲಿ ಗೆಜ್ಜೆ ಸದ್ದೂ ಕೇಳಬೇಕು ಅಂದರು.

ಆಗಲೇ ಜೋಡಿ ಸಿಗುತ್ತೆ ಅಂದೆನಲ್ಲ, ಇದೇ. ಮೈಸೂರಿನಲ್ಲಿ ಕವಿಯೊಬ್ಬರು ಕುಲಪತಿಯಾಗಿ ವಿಜ್ಞಾನವನ್ನು ಕನ್ನಡಕ್ಕೆ ತಂದರು. ಬೆಂಗಳೂರಿನಲ್ಲಿ ವಿಜ್ಞಾನಿಯೊಬ್ಬರು ಕುಲಪತಿಯಾಗಿ ಕಲೆಯನ್ನು ವಿಶ್ವವಿದ್ಯಾಲಯಕ್ಕೆ ತಂದರು. 1916ರಲ್ಲಿ ಎದ್ದ ಗೋಡೆಯನ್ನು ಇಬ್ಬರೂ ಎರಡು ಕಡೆಯಿಂದ ಹತ್ತಿ ಇಳಿದರು.

ಈಗ ಶ್ರೀರಾಂಪುರ ಸ್ಟೇಷನ್. ನನ್ನ ಪ್ರಕಾರ ಇಡೀ ಕತೆಯ ಜೀವ ಇರೋದು ಇಲ್ಲೇ.

1954ರಲ್ಲಿ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ದಲಿತ ಕುಟುಂಬ. ಅಪ್ಪನೂ ಇನ್ನೊಬ್ಬರೂ ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟು ಇನ್ನೊಬ್ಬರ ಹೊಲ ಉಳುತ್ತಿದ್ದದ್ದನ್ನು ಕಣ್ಣಾರೆ ಕಂಡ. ಆಮೇಲೆ ಕುಟುಂಬ ಬೆಂಗಳೂರಿಗೆ ಬಂದು ಶ್ರೀರಾಂಪುರದಲ್ಲಿ ನೆಲೆಸಿತು. ಸುತ್ತ ಬಟ್ಟೆ ಗಿರಣಿ, ಕೂಲಿಕಾರರ ವಠಾರ, ಗುಡಿಸಲು. ಓದೋಕೆ ನೆಮ್ಮದಿಯ ಜಾಗ ಬೇಕಾದಾಗ ಹುಡುಗ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ. ಅಲ್ಲಿ ಯಾರೂ ತೊಂದರೆ ಕೊಡಲ್ಲ ನೋಡಿ. ಇದನ್ನೆಲ್ಲಾ ಅವರೇ ತಮ್ಮ ಆತ್ಮಕತೆ 'ಊರುಕೇರಿ'ಯಲ್ಲಿ ನಗುನಗುತ್ತಾ ಹೇಳಿಕೊಂಡಿದ್ದಾರೆ. ಹೌದು, ಸಿದ್ಧಲಿಂಗಯ್ಯ.

ಆ ಹುಡುಗ ಓದಿದ್ದು ಆರ್ಟ್ಸ್. ಬಿಎ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂಎ. ಆಗ ಕನ್ನಡ ವಿಭಾಗದಲ್ಲಿ ಜಿ.ಎಸ್. ಶಿವರುದ್ರಪ್ಪ ಇದ್ದರು, ಚಂದ್ರಶೇಖರ ಕಂಬಾರ ಇದ್ದರು. ಗೆಳೆಯರಲ್ಲಿ ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ಡಿ.ಆರ್. ನಾಗರಾಜ್ ಇದ್ದರು. ಮುಂದೆ ದೊಡ್ಡ ವಿಮರ್ಶಕರಾದವರು. ಸ್ಲಮ್ಮಿನಿಂದ ಒಬ್ಬ, ಮಗ್ಗದ ಮನೆಯಿಂದ ಒಬ್ಬ. ನೂರು ವರ್ಷ ಮುಂಚೆ ಈ ಇಬ್ಬರಿಗೂ ಆ ಕ್ಲಾಸಿನಲ್ಲಿ ಜಾಗ ಸಿಗೋದು ಕನಸಿನ ಮಾತು.

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅನ್ನುವ ಅರ್ಥದ ಮಾತು ಹೇಳಿದರು. ಕಾಲೇಜುಗಳಲ್ಲಿ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆಯಿತು, ಬಸವಲಿಂಗಪ್ಪ ಮಂತ್ರಿ ಸ್ಥಾನ ಬಿಡಬೇಕಾಯಿತು. ಅವರು ಎತ್ತಿದ ಪ್ರಶ್ನೆ ಮಾತ್ರ ಉಳಿಯಿತು. ಈ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ? 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಗಿರಣಿ ಗೇಟಿನ ಮುಂದೆ, ಮೆರವಣಿಗೆಯಲ್ಲಿ, ಹಾಸ್ಟೆಲ್ಲಿನಲ್ಲಿ ಜನ ಆ ಹಾಡುಗಳನ್ನು ಹಾಡಿದರು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಅವರೂ ಒಬ್ಬರು.

ಮುಂದೆ ಅವರು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಗ್ರಾಮದೇವತೆಗಳು. ಮಾರಮ್ಮ, ಮುನೇಶ್ವರ, ಹಳ್ಳಿಯ ಬಡವರ ದೇವರುಗಳು. ಯಾವುದನ್ನ ಓದಿದವರು ಓದಿಗೆ ಲಾಯಕ್ಕಲ್ಲ ಅಂತ ಬದಿಗಿಟ್ಟಿದ್ದರೋ ಅದೇ ವಿಶ್ವವಿದ್ಯಾಲಯದ ಸಂಶೋಧನೆಯಾಯಿತು. ಅವರು ಜ್ಞಾನಭಾರತಿಯಲ್ಲೇ ಪ್ರೊಫೆಸರ್ ಆದರು, ಎರಡು ಸಲ ವಿಧಾನ ಪರಿಷತ್ ಸದಸ್ಯರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು.

ಯಾರೋ ಹೇಳಬಹುದು, "ಅವರಿಗೆ ಪ್ರತಿಭೆ ಇತ್ತು, ಏನು ಓದಿದ್ರೂ ಮೇಲೆ ಬರ್ತಿದ್ರು" ಅಂತ. ಇರಬಹುದು. ಆದರೆ ನನಗನ್ನಿಸೋದು ಇಷ್ಟು. ಅವರ ಹಿಂದಿನ ತಲೆಮಾರಿನ ಬಗ್ಗೆ ಬೇರೆಯವರು ಬರೆಯುತ್ತಿದ್ದರು. ಸೆನ್ಸಸ್ ಅಧಿಕಾರಿ ಬರೆಯುತ್ತಿದ್ದ, ದೊಡ್ಡ ಮನೆಯ ಕಾದಂಬರಿಕಾರರು ಬರೆಯುತ್ತಿದ್ದರು. ಸಿದ್ಧಲಿಂಗಯ್ಯ ತಮ್ಮ ಬಗ್ಗೆ ತಾವೇ ಬರೆದರು. ಆ ಕ್ಲಾಸ್‌ರೂಮು, ಆ ಮೇಷ್ಟ್ರು, ಆ ಲೈಬ್ರರಿ, ರಾತ್ರಿಯಿಡೀ ಜಗಳವಾಡೋ ಗೆಳೆಯರು ಇಲ್ಲದಿದ್ದರೆ ಅದು ಅಷ್ಟು ಸುಲಭ ಇರಲಿಲ್ಲ. ಬಾಗಿಲು ತೆರೆದರೆ ಏನಾಗುತ್ತೆ ಅನ್ನೋದಕ್ಕೆ ಶ್ರೀರಾಂಪುರಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಸರಿ, ಇತಿಹಾಸ ಆಯ್ತು. ಇವತ್ತಿನ ಮಾತು?

ಜ್ಞಾನಭಾರತಿ ಪಕ್ಕದ ನಾಗರಭಾವಿಗೆ ಬನ್ನಿ. ಅಲ್ಲಿ ಐಸೆಕ್ ಇದೆ. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನಕ್ಕಾಗಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ. ನಮ್ಮ ವೋಟ್ ಬ್ಯಾಂಕ್ ಶ್ರೀನಿವಾಸ್ ಕೂಡ ದೆಹಲಿ ಬಿಟ್ಟು ಬಂದು ಸೇರಿದ್ದು ಇದಕ್ಕೇ. ಅಲ್ಲೇ ಪಕ್ಕದಲ್ಲಿ ನ್ಯಾಷನಲ್ ಲಾ ಸ್ಕೂಲ್. 1988ರಲ್ಲಿ ಮೊದಲ ಬ್ಯಾಚ್. ಅದಕ್ಕೆ ಸೇರೋಕೆ ದೇಶದ ಮಕ್ಕಳೆಲ್ಲಾ ಕ್ಲ್ಯಾಟ್ ಬರೀತಾರೆ. ಸಿಕ್ಕಿದರೆ ಮನೆಯಲ್ಲಿ ಹಬ್ಬ. ಆ ಐದು ವರ್ಷದ ಡಿಗ್ರಿಯ ಹೆಸರೇನು ಗೊತ್ತಾ? ಬಿಎ, ಎಲ್‌ಎಲ್‌ಬಿ. ಕಾನೂನಿನ ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಲೇಬೇಕು. ಅದೇ ಬಿಎ ಒಂದು ಕಡೆ ಹಬ್ಬ, ಇನ್ನೊಂದು ಕಡೆ "ಮಾರ್ಕ್ಸ್ ಕಮ್ಮಿ ಬಂತಾ?"

ಇನ್ನೊಂದು ತಮಾಷೆ ನೋಡಿ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ "ಲಿಬರಲ್ ಆರ್ಟ್ಸ್" ಅನ್ನೋ ಬೋರ್ಡ್ ಹಾಕಿ ವರ್ಷಕ್ಕೆ ಲಕ್ಷಗಟ್ಟಲೆ ಫೀಸ್ ತಗೋತಾರೆ. ಒಳಗೆ ಓದೋದೇನು? ಭಾಷೆ, ಇತಿಹಾಸ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಜೊತೆಗೆ ಒಂದಷ್ಟು ಗಣಿತ, ವಿಜ್ಞಾನ. ಅಂದರೆ 1894ರ ಸೆಂಟ್ರಲ್ ಕಾಲೇಜಿನ ಥರದ್ದೇ, ಗೋಡೆ ಇಲ್ಲದ ಓದು. ಅನುಕೂಲಸ್ಥರು ಅದನ್ನ ದುಡ್ಡು ಕೊಟ್ಟು ವಾಪಸ್ ತಗೋತಾ ಇದ್ದಾರೆ. ಅದೇ ಹೊತ್ತಿಗೆ ಸರ್ಕಾರಿ ಕಾಲೇಜಿನ ಬಿಎ ಮಾಡೋರಿಗೆ "ನಿಂಗ್ಯಾಕೆ ಇದು" ಅಂತ ಹೇಳ್ತಾ ಇದ್ದೀವಿ. ನನಗೆ ಹೆದರಿಕೆ ಇರೋದು ಇಲ್ಲೇ. ಕಷ್ಟಪಟ್ಟು ತೆರೆದ ಬಾಗಿಲು ಯಾರೂ ಗಮನಿಸದೇ ಮುಚ್ಚಿಕೊಂಡುಬಿಟ್ಟರೆ?

ಸರ್ಕಾರಿ ಕಾಲೇಜುಗಳ ಕಷ್ಟ ಮುಚ್ಚಿಡೋಕೆ ಆಗಲ್ಲ. ಎಷ್ಟೋ ಕಡೆ ಕ್ಲಾಸ್ ನಡೆಸುತ್ತಿರೋರು ಅತಿಥಿ ಉಪನ್ಯಾಸಕರು, ಅವರ ಕೆಲಸಕ್ಕೇ ಭದ್ರತೆ ಇಲ್ಲ. ಸಿಲಬಸ್ಸೂ ನಿಂತಲ್ಲಿ ನಿಂತಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೇ ಬಂದೆವು. ಮಧ್ಯೆ ಸಿಕ್ಕಿಕೊಂಡ ಬ್ಯಾಚಿನವರು ಇದನ್ನ ಕೇಳ್ತಾ ಇದ್ರೆ ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. ಗೈಡ್ ಓದಿ, ಪರೀಕ್ಷೆ ಹಿಂದಿನ ರಾತ್ರಿ ಇಂಪಾರ್ಟೆಂಟ್ ಪ್ರಶ್ನೆ ಬಾಯಿಪಾಠ ಮಾಡಿ ತಗೊಂಡ ಬಿಎಯಿಂದ ಏನೂ ಬರಲ್ಲ. ಹಾಗೆ ಓದಿದ ಇಂಜಿನಿಯರಿಂಗ್‌ನಿಂದಲೂ ಬರಲ್ಲ ಅನ್ನಿ.

ಕೆಲಸದ ಮಾತು ಕೇಳೇ ಕೇಳ್ತೀರಿ, ಕೇಳಬೇಕು ಕೂಡ. ಮನೆ ಬಾಡಿಗೆ ಕವಿತೆಯಲ್ಲಿ ಕಟ್ಟೋಕಾಗಲ್ಲ. ಐಎಎಸ್, ಕೆಎಎಸ್ ಪರೀಕ್ಷೆ ಬರೆಯೋಕೆ ಯಾವ ಡಿಗ್ರಿಯಾದರೂ ಸಾಕು, ಬಿಎನೂ ಸಾಕು. ಬಿಎ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಬಿಎಡ್ ಇದೆ, ಪತ್ರಿಕೋದ್ಯಮ, ಸಮಾಜಕಾರ್ಯ ಇದೆ. ಕನ್ನಡ, ಇಂಗ್ಲಿಷ್ ಎರಡನ್ನೂ ತಿದ್ದಿ ಬರೆಯಬಲ್ಲವರನ್ನ ಹುಡುಕೋ ಆಫೀಸುಗಳು ಇದೇ ಊರಲ್ಲಿವೆ. ಆದರೆ ಇದು ಲಿಫ್ಟ್ ಅಲ್ಲ, ಮೆಟ್ಟಿಲು. ಡಿಗ್ರಿ ಜೊತೆಗೆ ಇನ್ನೊಂದು ಕೌಶಲ, ಒಂದು ಭಾಷೆ, ದಿನಾ ಲೈಬ್ರರಿಗೆ ಹೋಗೋ ಅಭ್ಯಾಸ ಬೇಕೇ ಬೇಕು. ಮನೆಯವರ ಹತ್ತಿರ ಮಾತಾಡುವಾಗ ಈ ಲೆಕ್ಕವನ್ನೂ ಇಟ್ಟುಕೊಂಡೇ ಮಾತಾಡಿ. ಅವರ ಭಯ ಸುಳ್ಳಲ್ಲ. ಬಹಳಷ್ಟು ಅಪ್ಪ ಅಮ್ಮಂದಿರು ಫ್ಯಾಕ್ಟರಿ ಶಿಫ್ಟ್ ಮಾಡಿ, ಗಾರ್ಮೆಂಟ್ಸಿಗೆ ಹೋಗಿ ನಿಮ್ಮನ್ನ ಓದಿಸ್ತಾ ಇದ್ದಾರೆ.

ಸೈನ್ಸ್, ಕಾಮರ್ಸ್ ಓದ್ತಾ ಇರೋರಿಗೂ ಒಂದು ಮಾತು. ವಿಶ್ವೇಶ್ವರಯ್ಯ, ಎಚ್ಚೆನ್ ಇಬ್ಬರನ್ನೂ ನೆನಪಿಸಿಕೊಳ್ಳಿ. ನಿಮ್ಮ ಸಬ್ಜೆಕ್ಟ್ ಬಿಡಬೇಕಾಗಿಲ್ಲ. ತಿಂಗಳಿಗೆ ಒಂದು ಇತಿಹಾಸದ ಪುಸ್ತಕ, ಒಂದು ಕಾದಂಬರಿ. ಶುರು ಮಾಡೋಕೆ 'ಊರುಕೇರಿ' ಚೆನ್ನಾಗಿದೆ. ಪುಟ್ಟ ಪುಸ್ತಕ, ನಗಿಸುತ್ತೆ, ಆಮೇಲೆ ನಿದ್ದೆ ಕೆಡಿಸುತ್ತೆ.

ಹಾಗಾದ್ರೆ "ಬಿಎ ಮಾಡಿ ಏನ್ ಮಾಡ್ತೀಯಾ?" ಅಂದ್ರೆ ಏನು ಹೇಳೋದು? ನನ್ನ ಉತ್ತರ ಇದು. ನಾನು ಹುಟ್ಟಿದ ಬೀದಿ ಯಾಕೆ ಹೀಗಿದೆ ಅಂತ ತಿಳ್ಕೋತೀನಿ, ಅದನ್ನ ನನ್ನ ಮಾತಲ್ಲೇ ಹೇಳೋಕೆ ಕಲೀತೀನಿ. ಮಿಕ್ಕಿದ್ದು ಆಮೇಲೆ. ನಿಮ್ಮ ಉತ್ತರ ಬೇರೆ ಇರಬಹುದು. ಏನಂತ ಬರೆದು ಕಳಿಸಿ, ಓದ್ತೀನಿ.

ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.